ಚಿತ್ರದ ಪುಸ್ತಕಕ್ಕೂ ಒಂದು ಬೀರು ಬೇಕು

ಮೊನ್ನೆ ನಮ್ಮನೆ ಜಗಲೀಲಿ ಅಡಕೆ ಸುಲಿಯಕ್ಕೆ ಕೂತಿದ್ವಲ್ಲ, ಅವತ್ತು ಎದ್ದ ಜಗಳ ಅರ್ಧಕ್ಕೇ ನಿಂತೋಯ್ತು. ಕರೆಂಟು ಹೋಯ್ತು, ದೊಡ್ಡತ್ತಿಗೆ ಮಗ ಜೀಪು ತಂದ, ಎಲ್ಲರೂ ಮೆಟ್ಟುಗತ್ತಿ ಬಿಟ್ಟು ಎದ್ದು ಹೋದ್ರಿ. ನಾನು ಹೇಳಬೇಕಾಗಿದ್ದು ಬಾಯಲ್ಲೇ ಉಳೀತು. ಅದಕ್ಕೇ ಇಲ್ಲಿ ಬರೀತಿದೀನಿ. ಇಲ್ಲಾದ್ರೆ ನಡುವೆ ಯಾರೂ ಬಾಯಿ ಹಾಕಕ್ಕಾಗಲ್ಲ.

ಅವತ್ತು ಬರದಿದ್ದವರಿಗೆ ವಿಷಯ ಹೇಳಿಬಿಡ್ತೀನಿ. ನಮ್ಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ ಇದಾರಲ್ಲ, ಅವರು ಸಿಕ್ಕಾಗ, ‘ಈ ಸಲ ಪುಸ್ತಕ ಕೊಳ್ಳಕ್ಕೆ ಚೂರು ದುಡ್ಡಿದೆ, ಎಂತ ತರಲಿ ಅಂತ ಊರವರನ್ನೇ ಕೇಳ್ತಿದೀನಿ’ ಅಂದ್ರು. ನಾನು ಹಿಂದೆಮುಂದೆ ನೋಡದೆ, ‘ಚಿತ್ರಕಥೆ ತನ್ನಿ, ಒಂದು ಬೀರು ತುಂಬ ತನ್ನಿ’ ಅಂದೆ. ಅದನ್ನ ಜಗಲೀಲಿ ಹೇಳಿದ್ದೇ ತಪ್ಪಾಯ್ತು. ದೊಡ್ಡತ್ತಿಗೆ ಶುರು ಮಾಡಿದ್ರು: ‘ನಾವು ಕಟ್ಟಿದ ಕಂದಾಯದಲ್ಲಿ ಕಾಮಿಕ್ಸ್ ತರದಾ? ಇರೋ ಚೂರು ಓದೂ ಹಾಳಾಗಲಿ ಅಂತನಾ? ಕೆಎಎಸ್ಸೋ, ನೀಟೋ, ಅಂಥ ಪುಸ್ತಕ ತರಸು.’ ಚಿಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಚಿತ್ರ ನೋಡದು ಓದಲ್ಲ ಮಾರಾಯ್ತಿ, ಅದು ನೋಡದು ಅಷ್ಟೆ’ ಅಂದ್ರು. ಉಳಿದವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದ್ರಿ.

ಈಗ ನನ್ನ ಸರದಿ. ಬೇರೆಯವರ ತಪ್ಪು ಎತ್ತಿ ಆಡೋ ಮೊದಲು ನನ್ನದನ್ನ ಹೇಳ್ತೀನಿ.

ನನ್ನ ಮಗ ಏಳನೇ ಕ್ಲಾಸಲ್ಲಿದ್ದಾಗ ಬಾಲಮಂಗಳದ ಹುಚ್ಚು. ನಿಮ್ಮ ಮಕ್ಕಳಿಗೂ ಇತ್ತಲ್ಲ, ಡಿಂಗ ಅಂತ ಒಂದು ಇಲಿ, ಹಾರಿಕೊಂಡು ಬಂದು ಕಾಡಿನ ಪ್ರಾಣಿಗಳನ್ನ ಕಾಪಾಡ್ತಿತ್ತು. ಬಸ್ ಸ್ಟ್ಯಾಂಡ್ ಅಂಗಡಿಲಿ ಪುಸ್ತಕ ಬರೋ ದಿನ ಇವನು ಶಾಲೆ ಬಿಟ್ಟ ಕೂಡ್ಲೆ ಓಡೋನು. ಮಂಚದ ಕೆಳಗೆ ಒಂದು ಅಡಕೆ ಚೀಲದ ತುಂಬ ಕೂಡಿಸಿಟ್ಟಿದ್ದ. ಎಂಟನೇ ಕ್ಲಾಸಲ್ಲಿ ಗಣಿತದಲ್ಲಿ ಫೇಲಾದ. ಅವತ್ತು ಸಂಜೆ ನಾನು ಆ ಚೀಲ ಎಳೆದು ತಂದು ಬಚ್ಚಲೊಲೆಗೆ ಹಾಕಿದೆ. ಒಂದೇ ಸಲಕ್ಕಲ್ಲ, ನಾಕ್ನಾಕಾಗಿ. ಅವನು ಬಾಗಿಲಲ್ಲಿ ನಿಂತು ನೋಡಿದ. ಅಳಲಿಲ್ಲ. ಅದೇ ನೀರಲ್ಲಿ ಸ್ನಾನ ಮಾಡಿ ಊಟ ಮಾಡಿ ಮಲಗಿದ.

ಗಣಿತ ಆಮೇಲೆ ಸರಿಯಾಯ್ತು. ಈಗ ಬೆಂಗಳೂರಲ್ಲಿ ಒಳ್ಳೆ ಕೆಲಸದಲ್ಲಿದಾನೆ. ಆದ್ರೆ ಆ ದಿನದಿಂದ ಇವತ್ತಿನವರೆಗೆ ಪಾಠದ್ದು ಬಿಟ್ಟು ಒಂದು ಕನ್ನಡ ಪುಸ್ತಕ ಅವನ ಕೈಲಿ ನಾನು ಕಂಡಿಲ್ಲ. ನಾನು ವಾಟ್ಸಾಪಲ್ಲಿ ಉದ್ದಕ್ಕೆ ಕನ್ನಡದಲ್ಲಿ ಬರೆದ್ರೆ, ‘ಅಮ್ಮ, ಟೈಪ್ ಮಾಡಬ್ಯಾಡ, ವಾಯ್ಸ್ ಕಳಸು’ ಅಂತಾನೆ. ನಾನಿಲ್ಲಿ ಬರೆಯೋದನ್ನ ನೀವೆಲ್ಲ ಓದ್ತೀರಿ, ಅವನು ಓದಲ್ಲ. ಬರೀ ಆ ಒಲೆಯಿಂದ್ಲೇ ಹಿಂಗಾಯ್ತು ಅಂತ ನಾನು ಹೇಳಲ್ಲ. ಇಂಗ್ಲಿಷ್ ಶಾಲೆ, ಪೇಟೆ, ಕೆಲಸ ಎಲ್ಲಾ ಸೇರಿದೆ. ಆದ್ರೆ ಕನ್ನಡ ಅಕ್ಷರದ ಹಿಂದೆ ಅವನಾಗೇ ಓಡ್ತಿದ್ದ ದಾರಿ ಅದೊಂದೇ ಇತ್ತು. ಅದನ್ನ ಮುಚ್ಚಿದ್ದು ನಾನೇ. ಅದಕ್ಕೇ ಈ ವಿಷಯ ಬಂದ್ರೆ ನಂಗೆ ಸುಮ್ಮನಿರಕ್ಕಾಗಲ್ಲ.

ಇನ್ನು ಕಂದಾಯದ ಮಾತು. ಹೌದು ಅತ್ತಿಗೆ, ನಾವು ಕಟ್ಟೋ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ರೂಪಾಯಿಗೆ 6 ಪೈಸೆ ಹೋಗತ್ತೆ. ರಸೀದಿ ತೆಗೆದು ನೋಡಿ. 1965ರಲ್ಲಿ ಬಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಸಾರ್ವಜನಿಕ ಅಂದ್ರೆ ಪರೀಕ್ಷೆ ಬರೆಯೋ ಹುಡುಗರು ಮಾತ್ರ ಅಲ್ಲ. ನೀವು, ನಾನು, ನಮ್ಮತ್ತೆ, ತೋಟದ ಲೈನ್ ಮನೆ ಮಕ್ಕಳು, ಎಲ್ಲರೂ. ನಮ್ಮ ಗ್ರಂಥಾಲಯದಲ್ಲಿ ಈಗ ನಾಕು ಬೀರು ಇದಾವೆ. ಎರಡು ಪರೀಕ್ಷೆ ಪುಸ್ತಕದ್ದು, ಒಂದು ಕಾದಂಬರಿದ್ದು, ಒಂದು ಬೀಗ ಹಾಕಿದ್ದು. 2020ರಲ್ಲಿ ‘ಓದುವ ಬೆಳಕು’ ಅಂತ ಶುರು ಮಾಡಿ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆಲ್ಲ ಪುಕ್ಕಟೆ ಸದಸ್ಯತ್ವ ಕೊಟ್ರು. ಒಳ್ಳೆ ಕೆಲಸ. ಆದ್ರೆ ಕಾರ್ಡು ಹಿಡ್ಕಂಡು ಒಳಗೆ ಹೋದ ಮಗು ಕೈಗೆ ಎಂತ ತಗಳ್ಳಬೇಕು? ಸಾಮಾನ್ಯ ಜ್ಞಾನದ ಪ್ರಶ್ನೋತ್ತರವಾ?

ಆ 1965ರ ಇನ್ನೊಂದು ಕಥೆ ಕೇಳಿ. ಅಮರ ಚಿತ್ರಕಥೆ ನಿಮಗೆಲ್ಲ ಗೊತ್ತಲ್ಲ. ಅದು ಮುಂಬೈದು, ಇಂಗ್ಲಿಷಿಂದು ಅಂತ ನಾವು ತಿಳಕೊಂಡಿದೀವಿ. ಅದು ಮೊದಲು ಹುಟ್ಟಿದ್ದೇ ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸಿನ ಪುಸ್ತಕ ಮಾರೋ ಕೆಲಸದಲ್ಲಿದ್ದ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ 1965ರಲ್ಲಿ ಕನ್ನಡದಲ್ಲಿ ಬಂತು. ಮೊದಲ 10 ಪುಸ್ತಕ ಸಿಂಡ್ರೆಲಾ, ಸ್ನೋ ವೈಟ್, ಅಲ್ಲಾವುದ್ದೀನ್ ಥರದ ಹೊರದೇಶದ ಕಥೆಗಳು. ಅವು ಚೆನ್ನಾಗಿ ಮಾರಿದ್ದು ನೋಡಿಯೇ ಮುಂಬೈಯವರು ಇಂಗ್ಲಿಷಲ್ಲಿ ಮಾಡಕ್ಕೆ ಹೊರಟಿದ್ದು. ಅದಕ್ಕೇ ‘ಕೃಷ್ಣ’ ಪುಸ್ತಕದ ಮೇಲೆ 1 ಅಂತ ಇಲ್ಲ, 11 ಅಂತ ಇದೆ. ಅದನ್ನ ಕೈಗೆತ್ತಿಕೊಂಡ ಅನಂತ ಪೈ ಯಾರು? ಕಾರ್ಕಳದವರು. ಶೃಂಗೇರಿಯಿಂದ ಘಾಟಿ ಇಳಿದ್ರೆ ಕಾರ್ಕಳ. ಅಪ್ಪ ಅಮ್ಮ ಇಲ್ಲದ ಹುಡುಗ, ಮುಂಬೈಗೆ ಹೋಗಿ, ಇಡೀ ದೇಶದ ಮಕ್ಕಳಿಗೆ ‘ಅಂಕಲ್ ಪೈ’ ಆದ್ರು. 2011ರಲ್ಲಿ ತೀರಿಹೋದ್ರು. ಗ್ರಂಥಾಲಯದ ಕಾಯ್ದೆಗೂ ಕನ್ನಡದ ಆ ಚಿತ್ರಕಥೆಗೂ ಒಂದೇ ವಯಸ್ಸು. ಅರವತ್ತು ವರ್ಷ ಆದ್ರೂ ಒಂದರ ಬೀರಲ್ಲಿ ಇನ್ನೊಂದಕ್ಕೆ ಜಾಗ ಇಲ್ಲ ಅಂದ್ರೆ ನಾಚಿಕೆ ಆಗಬೇಕಾದ್ದು ಯಾರಿಗೆ?

ಈಗ ಚಿಕ್ಕಮ್ಮನ ಮಾತಿಗೆ ಬರ್ತೀನಿ. ಚಿತ್ರ ನೋಡದು ಓದಲ್ಲ ಅಂದ್ರಲ್ಲ. ಎನ್.ಆರ್.ಪುರದ ಪಕ್ಕದ ತರೀಕೆರೆ ತಾಲ್ಲೂಕಲ್ಲಿ ಅಮೃತಾಪುರ ಇದೆ. ಹೋದ ವರ್ಷ ನಾವು ಹೋಗಿದ್ವಲ್ಲ, ಚಿಕ್ಕಮ್ಮ, ನೀವೂ ಬಂದಿದ್ರಿ. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ. ಮಂಟಪದ ಹೊರಗೋಡೆ ಮೇಲೆ ಸಾಲಾಗಿ 140 ಚೌಕ ಕೆತ್ತಿದಾರೆ. ದಕ್ಷಿಣದ ಕಡೆ 70 ಚೌಕದಲ್ಲಿ ರಾಮಾಯಣ, ಉತ್ತರದ ಕಡೆ 25ರಲ್ಲಿ ಭಾಗವತ, 45ರಲ್ಲಿ ಮಹಾಭಾರತ. ಒಂದು ಚೌಕ ಮುಗಿದ್ರೆ ಮುಂದಿನ ಚೌಕಕ್ಕೆ ಕಣ್ಣು ಹೋಗಬೇಕು, ನಡುವೆ ಎಂತ ಆಯ್ತು ಅಂತ ಮನಸ್ಸಲ್ಲೇ ತುಂಬಿಕೊಳ್ಳಬೇಕು. ಇವತ್ತಿನ ಕಾಮಿಕ್ಸಲ್ಲಿ ಇರೋದೂ ಇದೇ. ಅಲ್ಲಿ ರಾಮಾಯಣ ಪ್ರದಕ್ಷಿಣೆಗೆ ಎದುರು ದಿಕ್ಕಲ್ಲಿ ಸಾಗತ್ತೆ. ಜಪಾನಿನ ಚಿತ್ರಕಥೆಗಳನ್ನ ಬಲದಿಂದ ಎಡಕ್ಕೆ ಓದಬೇಕು ಅಂತ ನನ್ನ ತಂಗಿ ಮಗಳು ತೋರಿಸಿದಾಗ ನಂಗೆ ನೆನಪಾಗಿದ್ದು ಆ ಗೋಡೆನೇ. ಅವತ್ತು ನೀವು ಅರ್ಧ ಗಂಟೆ ಆ ಗೋಡೆ ಮುಂದೆ ನಿಂತು, ‘ಇದು ವಾಲಿ, ಇದು ಅಶೋಕವನ’ ಅಂತ ನಮಗೆಲ್ಲ ಹೇಳಿದ್ರಿ. ಅವತ್ತು ನೀವು ಮಾಡಿದ್ದು ಓದಲ್ಲದೆ ಮತ್ತೆಂತ ಚಿಕ್ಕಮ್ಮ?

ನಮ್ಮತ್ತೆ ವಿಷಯ ಹೇಳ್ತೀನಿ. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಅವರು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು. ದಿನಾ ಮಧ್ಯಾಹ್ನ ಪೇಪರ್ ಹಿಡ್ಕಂಡು ಕೂರೋರು, ಪುಟ ಮಗಚೋರು. ಓದ್ತಾರೆ ಅಂತ್ಲೇ ನಾನು 20 ವರ್ಷ ನಂಬಿದ್ದೆ. ನಾದಿನಿ ಮಗಳು ಬೇಸಿಗೆ ರಜೆಗೆ ಬಂದಾಗ ‘ಸಾವಿತ್ರಿ’ ಚಿತ್ರಕಥೆ ತಂದಿದ್ಲು. ಒಂದಿನ ನೋಡ್ತೀನಿ, ಇಬ್ಬರೂ ತುಳಸಿಕಟ್ಟೆ ಹತ್ರ ಕೂತಿದಾರೆ, ನಮ್ಮತ್ತೆ ಮಾತಿನ ಗುಳ್ಳೆ ಕೆಳಗೆ ಬೆರಳಿಟ್ಕಂಡು ‘ಯ... ಮ... ಯಮ’ ಅಂತ ಕೂಡಿಸ್ತಿದಾರೆ. ಕಥೆ ಅವರಿಗೆ ಬಾಯಿಪಾಠ. ಚಿತ್ರ ನೋಡಿದ್ರೆ ಯಾರು ಎಂತ ಹೇಳ್ತಿದಾರೆ ಗೊತ್ತಾಗತ್ತೆ. ಗುಳ್ಳೆ ಒಳಗೆ ಇರೋದು ನಾಕೇ ಶಬ್ದ. ಹಂಗಾಗಿ ಅಕ್ಷರ ತಾನಾಗೇ ಬಿಡಿಸ್ಕಂಡು ಬಂತು. ಪೇಪರಿನ ಉದ್ದುದ್ದ ಕಾಲಂ 20 ವರ್ಷ ಮಾಡಕ್ಕಾಗದ್ದನ್ನ 32 ಪುಟದ ಪುಸ್ತಕ ಒಂದು ರಜೆಲಿ ಮಾಡ್ತು. ಆ ಸಲ ಅಡಕೆ ಮಂಡಿ ಚೀಟೀಲಿ ಬರೆದಿದ್ದನ್ನ ಅವರೇ ಬಿಡಿಸಿ ಓದಿದ್ರು. ಆಗ ಅವರಿಗೆ 71 ವರ್ಷ.

ಇದು ಬರೀ ಅಜ್ಜಿಯರ ಕಥೆ ಅಲ್ಲ. ನಮ್ಮ ಕಾಫಿ ತೋಟಗಳ ಲೈನಲ್ಲಿ ಈಗ ಅಸ್ಸಾಮಿಂದ ಬಂದ ಸಂಸಾರಗಳು ಎಷ್ಟಿದಾವೆ ಅಂತ ನಿಮಗೇ ಗೊತ್ತು. ಅವರ ಮಕ್ಕಳು ನಮ್ಮ ಶಾಲೇಲೇ ಕಲೀತಿರೋದು. ಅಂಗಡಿಗೆ ಬಂದ್ರೆ ಕನ್ನಡ ಪಟಪಟ ಮಾತಾಡ್ತಾವೆ. ಓದು ಅಂದ್ರೆ ತಲೆ ತಗ್ಗಿಸ್ತಾವೆ. ಅಂಥ ಒಂದು ಹುಡುಗಿ ಗ್ರಂಥಾಲಯಕ್ಕೆ ದಿನಾ ಬರ್ತಾಳೆ, ಹಳೇ ವಾರಪತ್ರಿಕೆಯ ಚಿತ್ರ ನೋಡ್ತಾಳೆ, ಹೋಗ್ತಾಳೆ. ಅವಳಾಗೇ ಬಾಗಿಲವರೆಗೆ ಬಂದಿದಾಳೆ. ಒಳಗೆ ಅವಳಿಗೆ ಎಂತದೂ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸಿನವರು ಚಿತ್ರದ ಪುಸ್ತಕಗಳನ್ನ ಕನ್ನಡದಲ್ಲೂ ಬೇರೆ ಭಾಷೆಗಳಲ್ಲೂ ಕಡಿಮೆ ಬೆಲೆಗೆ ತರ್ತಾರೆ, ಸ್ಟೋರಿವೀವರ್ ಅಂತ ಜಾಲತಾಣದಲ್ಲಿ ಪುಕ್ಕಟೆಯಾಗೂ ಇಟ್ಟಿದಾರೆ. ಅಲ್ಲಿಂದ ಶುರು ಮಾಡಿದ್ರೂ ಆಯ್ತಲ್ಲ.

‘ಸರಿ, ಮಕ್ಕಳಿಗೆ ಇರಲಿ, ದೊಡ್ಡವರಿಗೆ ಎಂತಕ್ಕೆ?’ ಅಂತ ನೀವು ಕೇಳೇ ಕೇಳ್ತೀರಿ. ಪೇಟೆಯವರು ಗ್ರಾಫಿಕ್ ಕಾದಂಬರಿ ಅಂತಾರಲ್ಲ, ಅದು ದೊಡ್ಡವರಿಗಾಗೇ ಇರೋದು. ಅದರಲ್ಲೂ ಒಂದು ಇಲಿ ಇದೆ. ಅಮೆರಿಕದ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’. ಹಿಟ್ಲರ್ ಕಾಲದಲ್ಲಿ ಯಹೂದಿಗಳು ಪಟ್ಟ ಪಾಡು, ಅವರ ಸ್ವಂತ ಅಪ್ಪನ ಕಥೆ. ಯಹೂದಿಗಳೆಲ್ಲ ಇಲಿ, ನಾಜಿಗಳೆಲ್ಲ ಬೆಕ್ಕು. 1992ರಲ್ಲಿ ಅದಕ್ಕೆ ಪುಲಿಟ್ಜರ್‌ನವರು ವಿಶೇಷ ಪ್ರಶಸ್ತಿ ಕೊಟ್ರು. ನಮ್ಮಲ್ಲಿ 2011ರಲ್ಲಿ ‘ಭೀಮಾಯಣ’ ಬಂತು. ಅಂಬೇಡ್ಕರ್ ಅವರಿಗೆ ಸಣ್ಣವರಿದ್ದಾಗ ಕುಡಿಯಕ್ಕೆ ನೀರು ಸಿಗದ ಕಥೆ ಅದರಲ್ಲಿದೆ. ಚಿತ್ರ ಬರೆದಿದ್ದು ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಅಂತ ಗೊಂಡ ಕಲಾವಿದ ಗಂಡಹೆಂಡತಿ. ಅದರಲ್ಲಿ ಒಳ್ಳೆ ಮಾತಾಡೋರ ಗುಳ್ಳೆ ಹಕ್ಕಿ ಆಕಾರದ್ದು. ಚುಚ್ಚಿ ಮಾತಾಡೋರ ಗುಳ್ಳೆಗೆ ಚೇಳಿನ ಕೊಂಡಿ ಇರತ್ತೆ. ಆ ಕೊಂಡಿ ನೋಡಿದಾಗ ನಂಗೆ ನಮ್ಮ ಹಿತ್ತಿಲ ಬಾಗಿಲಲ್ಲಿ ಕೈ ಎತ್ತಿ ನೀರು ಹುಯ್ಸಿಕೊಳ್ತಿದ್ದವರ ನೆನಪಾಯ್ತು. ಎಷ್ಟು ಪುಟ ಬರೆದ್ರೂ ನಂಗೆ ಅಷ್ಟು ತಾಗ್ತಿರಲಿಲ್ಲ.

ಇನ್ನೊಂದಿದೆ, ಒರಿಜಿತ್ ಸೇನ್ ಅವರದು, 1994ರದ್ದು. ನರ್ಮದಾ ನದಿಗೆ ಅಣೆಕಟ್ಟು ಕಟ್ಟಿದಾಗ ಮುಳುಗೋ ಜನರ ಮೇಲೆ. ನಮ್ಮ ದೇಶದ ಮೊದಲ ಗ್ರಾಫಿಕ್ ಕಾದಂಬರಿ ಅಂತ ಅದನ್ನೇ ಹೇಳದು. ಅದರ ವಿಷಯ ಕೇಳಿದ್ದೇ ನಂಗೆ ಎನ್.ಆರ್.ಪುರದ ನಮ್ಮ ದೊಡ್ಡಮ್ಮ ಕಣ್ಮುಂದೆ ಬಂದ್ರು. ಲಕ್ಕವಳ್ಳಿಲಿ ಭದ್ರೆಗೆ ಕಟ್ಟೆ ಕಟ್ಟಿದಾಗ ಅವರ ತವರಿನ ಗದ್ದೆ, ಮನೆ, ಭೂತನ ಬನ ಎಲ್ಲಾ ನೀರೊಳಗೆ ಹೋಯ್ತು. ಬೇಸಿಗೇಲಿ ನೀರು ಇಳಿದಾಗ ದಡದಲ್ಲಿ ನಿಂತು, ‘ಅಗೋ ಅಲ್ಲಿ ನಮ್ಮ ಬಾವಿಕಟ್ಟೆ ಇತ್ತು’ ಅಂತ ಬೆರಳು ತೋರಿಸೋರು. ನಮಗೆ ಬರೀ ನೀರು ಕಾಣ್ತಿತ್ತು. ಆ ಬಾವಿಕಟ್ಟೆ ಅವರ ಕಣ್ಣಲ್ಲಿ ಹೆಂಗಿತ್ತು ಅಂತ ಯಾರಾದ್ರೂ ಒಂದು ಹಾಳೇಲಿ ಬರೆದಿಟ್ಟಿದ್ರೆ! ದೊಡ್ಡಮ್ಮ ಈಗಿಲ್ಲ. ಅಂಥ ಪುಸ್ತಕ ನಮ್ಮ ಬೀರಲ್ಲಿ ಇದ್ರೆ, ಚಿತ್ರ ಬರೆಯೋ ಒಂದು ಹುಡುಗಿ ಅದನ್ನ ನೋಡಿ, ‘ಓ, ನಮ್ಮೂರಿನ ಕಥೇನೂ ಹಿಂಗೆ ಬರೀಬಹುದು’ ಅಂದ್ಕಳ್ಳಬಹುದು. ಕಂಡೇ ಇಲ್ಲದ್ದನ್ನ ಮಾಡಕ್ಕೆ ಯಾರಿಗೂ ಹೊಳೆಯಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೇಲಿ ಹುಟ್ಟಿದ ಕುವೆಂಪು ಅವರೇ ಪರದೇಶದ ಇಲಿ ಕಥೆ ತಂದು ಕನ್ನಡದ ಮಕ್ಕಳಿಗೆ ಕಿಂದರಿಜೋಗಿ ಮಾಡಿ ಕೊಟ್ರಲ್ಲ. ಅವರಿಗಿಲ್ಲದ ಬಿಗುಮಾನ ನಮಗೆಂತಕ್ಕೆ?

ಚಿತ್ರಕಥೆ ಎಲ್ಲಾ ಬಂಗಾರ ಅಂತ ನಾನು ಹೇಳಲ್ಲ. ಹಳೇ ಅಮರ ಚಿತ್ರಕಥೆ ತೆಗೆದು ನೋಡಿ. ರಾಕ್ಷಸರೆಲ್ಲ ಕಪ್ಪು, ರಾಜಕುಮಾರಿಯರೆಲ್ಲ ಬೆಳ್ಳಗೆ, ಸೊಂಟ ಬಳುಕಿಸಿಕೊಂಡು. ಬಣ್ಣ ಕಮ್ಮಿ ಇರೋ ಹೆಣ್ಣುಮಗುಗೆ ಅದು ಎಂತ ಹೇಳತ್ತೆ? ಅದಕ್ಕೇ ನಾನು ಹೇಳದು, ಸಿಕ್ಕಿದ್ದು ತುಂಬದಲ್ಲ, ನೋಡಿ ಆರಿಸಿ ತರದು. ಮದುವೆ ಸೀರೆ ಆರಿಸಕ್ಕೆ ಶಿವಮೊಗ್ಗಕ್ಕೆ ಮೂರು ಸಲ ಹೋಗ್ತೀವಲ್ಲ, ಒಂದು ಸಲ ಈ ಪುಸ್ತಕಕ್ಕೂ ಹೋಗೋಣ. ಮೊದಲು ಕನ್ನಡದ್ದು, ಆಮೇಲೆ ಇಂಗ್ಲಿಷಿಂದು. ಸಣ್ಣ ಮಕ್ಕಳದ್ದು ಕೆಳಗಿನ ಹಲಗೇಲಿ, ಕೈಗೆ ಸಿಗೋ ಹಂಗೆ. ದೊಡ್ಡವರದ್ದು ಮೇಲೆ. ಚಿತ್ರ ಇದೆ ಅಂದ ಮಾತ್ರಕ್ಕೆ ‘ಮೌಸ್’ ತಗೊಂಡು ಆರು ವರ್ಷದ ಮಗು ಕೈಗೆ ಕೊಡೋದಲ್ಲ. ಜಗತ್ತಿನ ಗ್ರಂಥಾಲಯಗಳಲ್ಲಿ ಬಳಸೋ ಡ್ಯೂಯಿ ಪದ್ಧತೀಲಿ ಚಿತ್ರಕಥೆಗೇ ಅಂತ 741.5 ನಂಬರು ಇಟ್ಟಿದಾರೆ. ಅಂದ ಮೇಲೆ ಅದನ್ನ ಮೂಲೇಲಿ ರಾಶಿ ಹಾಕಬೇಕಾಗಿಲ್ಲ, ಮರ್ಯಾದೆಯಿಂದ ಪಟ್ಟಿಗೆ ಸೇರಿಸಬಹುದು.

ದುಬಾರಿ ಅಂತೀರಿ. ಹೌದು, ಬಣ್ಣದ ಪುಸ್ತಕ ದುಬಾರಿನೇ. ಗ್ರಂಥಾಲಯಕ್ಕೆ ಸರ್ಕಾರ ಸಗಟು ಕೊಳ್ಳುವಾಗ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟೋ ಪದ್ಧತಿ ಇದೆ. 32 ಪುಟದ್ದು 32 ಪುಟದ್ದೇ ಅಂತ ನೋಡಿದ್ರೆ ಚಿತ್ರಕಥೆ ಸೋಲತ್ತೆ. ಆದ್ರೆ 400 ಪುಟದ ದಪ್ಪ ಪುಸ್ತಕ ಹತ್ತು ವರ್ಷಕ್ಕೆ ಒಬ್ಬರೂ ಮುಟ್ಟದೆ ಕೂತ್ರೆ ಅದು ಅಗ್ಗವಾ? 32 ಪುಟದ್ದನ್ನ ಒಂದು ಮಳೆಗಾಲದಲ್ಲಿ 40 ಮಕ್ಕಳು ಓದಿದ್ರೆ ಅದು ದುಬಾರಿಯಾ? ಲೆಕ್ಕ ನೀವೇ ಹಾಕಿ. ಮನೆ ಖರ್ಚಿನ ಲೆಕ್ಕದಲ್ಲಿ ನಿಮ್ಮನ್ನ ಮೀರಿಸೋರಿಲ್ಲ.

ಹರಿದು ಹೋಗತ್ತೆ ಅಂತೀರಿ. ಇದು ನಿಜವಾದ ಕಷ್ಟ, ಅದೂ ನಮ್ಮ ಮಲೆನಾಡಲ್ಲಿ. ಆಷಾಢದ ಮಳೇಲಿ ನುಣುಪು ಕಾಗದ ಒಂದಕ್ಕೊಂದು ಅಂಟಿಕೊಳ್ಳತ್ತೆ. ನಡುವಿನ ಪಿನ್ನು ತುಕ್ಕು ಹಿಡಿದು ಹಾಳೆ ತಿಂದುಬಿಡತ್ತೆ. ಬೂಷ್ಟು ಹಿಡಿಯತ್ತೆ. ಆದ್ರೆ ಇದಕ್ಕೆ ಮದ್ದು ಗೊತ್ತಿರೋದು ನಮಗೇ. ಪುಸ್ತಕ ಬಂದ ಕೂಡ್ಲೆ ಪಿನ್ನು ಕಿತ್ತು, ಗಟ್ಟಿ ದಾರದಲ್ಲಿ ಹೊಲೀಬೇಕು. ಕಂದು ಕಾಗದದ ರಟ್ಟು ಹಾಕಬೇಕು. ಬೀರನ್ನ ಇರಚಲು ಹೊಡೆಯೋ ಗೋಡೆಗೆ ತಾಗಿಸದೆ ಒಳಗೋಡೆ ಕಡೆ ಇಡಬೇಕು. ಹಲಗೆ ಮೂಲೇಲಿ ಬಜೆ ಬೇರು ಬಟ್ಟೇಲಿ ಕಟ್ಟಿ ಇಡಬೇಕು, ಹಿಂದಿನವರು ಓಲೆಗರಿ ಕಟ್ಟಿಗೆ ಇಡ್ತಿದ್ದ ಹಂಗೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಎಲ್ಲಾ ತೆಗೆದು ನೆರಳಲ್ಲಿ ಹರವಿ ಗಾಳಿಗೆ ಆರಿಸಬೇಕು. ಹಪ್ಪಳ ಸಂಡಿಗೆ ಕಾಪಾಡೋರಿಗೆ ಪುಸ್ತಕ ಕಾಪಾಡಕ್ಕೆ ಬರಲ್ವಾ?

ಪರೀಕ್ಷೆ ಪುಸ್ತಕ ಬ್ಯಾಡ ಅಂತ ನಾನು ಒಂದು ಸಲನೂ ಹೇಳಿಲ್ಲ ಅತ್ತಿಗೆ. ಅವಕ್ಕೆ ಎರಡು ಬೀರು ಇರಲಿ. ಆದ್ರೆ ಮೊದಲು ಓದೋ ಆಸೆ ಹುಟ್ಟಬೇಕು, ಆಮೇಲೆ ಪರೀಕ್ಷೆ. ನಾನು ಅದನ್ನ ತಿರುಗಾಮುರುಗಾ ಮಾಡಿದೆ. ಪರೀಕ್ಷೆ ಪಾಸಾಯ್ತು, ಓದು ಉಳೀಲಿಲ್ಲ.

ಈಗ ಕೆಲಸದ ಮಾತು. ಬರೋ ಗ್ರಾಮಸಭೇಲಿ ನಾನು ಈ ಬೀರಿನ ವಿಷಯ ಎತ್ತವಳು. ಒಬ್ಬಳೇ ಎದ್ದು ನಿಂತ್ರೆ ನಗ್ತಾರೆ, ಹತ್ತು ಜನ ನಿಂತ್ರೆ ಬರ್ಕಳ್ತಾರೆ. ಅರ್ಜಿ ಬರೆದಿಟ್ಟಿದೀನಿ, ಸಹಿ ಹಾಕಕ್ಕೆ ಬನ್ನಿ. ನಮ್ಮತ್ತೆ ಮೊದಲ ಸಹಿ ಹಾಕಾಯ್ತು, ಹೆಬ್ಬೆಟ್ಟಲ್ಲ. ಅದರ ಜೊತೆ ನಿಮ್ಮ ನಿಮ್ಮ ಅಟ್ಟ ಹತ್ತಿ ನೋಡಿ. ಚಂದಮಾಮ, ಅಮರ ಚಿತ್ರಕಥೆ, ಬಾಲಮಂಗಳ, ಎಂತ ಇದ್ರೂ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕಬ್ಯಾಡಿ, ಒಲೆಗಂತೂ ಬ್ಯಾಡವೇ ಬ್ಯಾಡ. ಇಲ್ಲಿಗೆ ತನ್ನಿ, ಅಡಕೆ ಕೆಲಸ ಮುಗಿದ ಮೇಲೆ ಅದೇ ಜಗಲೀಲಿ ಕೂತು ಹೊಲಿಯೋಣ.

ದೊಡ್ಡತ್ತಿಗೆ, ನಿಮ್ಮನೆ ಅಟ್ಟದಲ್ಲಿ ಬಾವ ಸಣ್ಣವರಿದ್ದಾಗ ಕೂಡಿಸಿದ ಚಂದಮಾಮದ ಕಟ್ಟು ಇದೆ ಅಂತ ನಂಗೆ ಗೊತ್ತು. ಹಳೇ ಪಂಚೇಲಿ ಸುತ್ತಿ ಪತ್ತಾಯದ ಹಿಂದೆ ಇಟ್ಟಿದೀರಿ. ಓದು ಹಾಳು ಮಾಡೋ ಪುಸ್ತಕ ಆಗಿದ್ರೆ ಇಷ್ಟು ವರ್ಷ ಎಂತಕ್ಕೆ ಜೋಪಾನ ಮಾಡಿದ್ರಿ? ಜೀಪು ಕಳಿಸೋದೆಲ್ಲ ಬ್ಯಾಡ. ಭಾನುವಾರ ನಾನೇ ಬರ್ತೀನಿ, ಕಾಫಿ ಮಾಡಿಟ್ಟಿರಿ.